ಕೈ ಹಿಡಿದವನು, ದೆವ್ವ ಹಿಡಿದವಳು

ಪ್ರಶ್ನೆ: ಗಂಡ ಹೆಂಡತಿ ಬೇರೆಯಾಗುವ ಕಥೆ ಎಂದು ಪರಿಚಿತರೊಬ್ಬರು ಹೇಳಿದ್ದನ್ನು ನಂಬಿ ನಾನೂ ನಮ್ಮ ಯಜಮಾನರೂ 1981ರ ‘ಪೊಸೆಷನ್’ ಚಿತ್ರವನ್ನು ನೋಡಿದೆವು. ನಡುವೆ ಅಂಟಂಟಾದ ಒಂದು ವಿಕಾರ ಪ್ರಾಣಿ ಬಂದಿತು. ಅಲ್ಲಿಂದ ಮುಂದಿನದು ನನಗೆ ತಿಳಿಯಲಿಲ್ಲ, ಎರಡು ರಾತ್ರಿ ನಿದ್ದೆಯೂ ಬರಲಿಲ್ಲ. ಹೆಂಡತಿಗೆ ಹುಚ್ಚು, ಗಂಡನದೇನೂ ತಪ್ಪಿಲ್ಲ ಎಂದು ಯಜಮಾನರ ವಾದ. ಇದು ದೆವ್ವದ ಚಿತ್ರವೋ, ಸಂಸಾರದ ಚಿತ್ರವೋ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಪ್ರಾಣಿ ಬರುವುದಕ್ಕೆ ಮೊದಲೇ ನೀವು ಹೆದರಿದ್ದಿರಿ ಎಂದು ನನ್ನ ಊಹೆ. ಕೆಲಸ ಮುಗಿಸಿ ಪಶ್ಚಿಮ ಬರ್ಲಿನ್ನಿನ ಮನೆಗೆ ಮರಳಿದ ಮಾರ್ಕ್‌ನಿಗೆ ಆನಾ ತನಗೆ ಬೇರೆಯಾಗಬೇಕು ಎನ್ನುತ್ತಾಳೆ. ಏಕೆಂದು ಕೇಳಿದರೆ ಅವಳಿಗೇ ಸರಿಯಾಗಿ ಹೇಳಲು ಬಾರದು. ಆಮೇಲೆ ಹೋಟೆಲಿನ ಮೂಲೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಕುಳಿತು ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ಮಾತನಾಡುತ್ತಾರೆ, ಮಾತು ಮುಗಿಯುವ ಹೊತ್ತಿಗೆ ಅವನು ಮೇಜು ಕುರ್ಚಿಗಳನ್ನು ಉರುಳಿಸುತ್ತ ಅವಳ ಬೆನ್ನಟ್ಟಿರುತ್ತಾನೆ. ಕೆಲವು ದಿನ ಕಳೆದು ಮನೆಗೆ ಬಂದರೆ ಪುಟ್ಟ ಮಗ ಬಾಬ್ ಮೈಯೆಲ್ಲ ಜಾಮ್ ಮೆತ್ತಿಕೊಂಡು ಒಬ್ಬನೇ ಇದ್ದಾನೆ. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ದೃಶ್ಯ. ಇದರಲ್ಲಿ ಪ್ರಾಣಿಯೂ ಇಲ್ಲ, ರಕ್ತವೂ ಇಲ್ಲ.

ನಿರ್ದೇಶಕ ಆಂದ್ರೇ ಜುವಾಫ್‌ಸ್ಕಿ ಪೋಲೆಂಡಿನವರು. ಅವರು ಬಹಳ ಶ್ರಮಪಟ್ಟು ತೆಗೆಯುತ್ತಿದ್ದ ಚಿತ್ರವೊಂದನ್ನು 1977ರಲ್ಲಿ ಅಲ್ಲಿಯ ಸರ್ಕಾರ ನಡುವೆಯೇ ನಿಲ್ಲಿಸಿತು. ನಟಿಯಾಗಿದ್ದ ಪತ್ನಿಯೊಡನೆ ಅವರ ದಾಂಪತ್ಯವೂ ಮುರಿದಿತ್ತು. ಆ ನೋವಿನಿಂದ ಹುಟ್ಟಿದ ಈ ಚಿತ್ರದಲ್ಲಿ ಜಗಳವನ್ನು ಪಕ್ಕದ ಮನೆಯವರಿಗೆ ಕೇಳಿಸುವ ಅಳತೆಯಲ್ಲಿ ತೋರಿಸದೆ, ಅದರೊಳಗೆ ಸಿಕ್ಕಿಕೊಂಡವರಿಗೆ ಅನ್ನಿಸುವ ಅಳತೆಯಲ್ಲಿ ತೋರಿಸಲಾಗಿದೆ. ಎಲ್ಲರೂ ಅಷ್ಟೊಂದು ಕಿರುಚುವುದು ಅದಕ್ಕಾಗಿ. (ಆನಾಳ ಪ್ರಿಯಕರ ಹೈನ್ರಿಖ್‌ನ ಕುಣಿದಾಟ ಮಾತ್ರ ನನಗೂ ಅತಿಯೆನಿಸಿದೆ.)

ಚಿತ್ರದ ಹೆಸರಿಗೆ ಮೈಮೇಲೆ ಏನೋ ಬರುವುದೆಂಬ ಅರ್ಥವೂ ಉಂಟು, ಒಡೆತನವೆಂಬ ಅರ್ಥವೂ ಉಂಟು. ನಮ್ಮಲ್ಲಿ ಗಂಡ ಕೈ ಹಿಡಿಯುತ್ತಾನೆ, ದೆವ್ವವೂ ಹಿಡಿಯುತ್ತದೆ. ಎರಡಕ್ಕೂ ಕ್ರಿಯಾಪದ ಒಂದೇ. ನಿಮ್ಮ ಯಜಮಾನರ ವಾದವನ್ನು ನಾನು ಒಪ್ಪದಿರುವುದು ಇಲ್ಲಿಯೇ. ಮಾರ್ಕ್ ವೃತ್ತಿಯಿಂದ ಗೂಢಚಾರ. ಹೆಂಡತಿ ಕೈತಪ್ಪುತ್ತಿದ್ದಾಳೆ ಎಂದಾಗ ಅವಳ ಹಿಂದೆಯೂ ಪತ್ತೇದಾರನನ್ನು ಬಿಡುತ್ತಾನೆ, ಅವಳನ್ನು ಹೊಡೆಯುತ್ತಾನೆ, ಅಡುಗೆಮನೆಯಲ್ಲಿ ಅವಳು ವಿದ್ಯುತ್ ಚಾಕುವನ್ನು ತನ್ನ ಕುತ್ತಿಗೆಗೆ ಹಿಡಿದುಕೊಂಡ ಮೇಲೆ ತಾನೂ ಅದೇ ಚಾಕುವಿನಿಂದ ತೋಳನ್ನು ಕೊಯ್ದುಕೊಳ್ಳುತ್ತಾನೆ. ಸ್ವಾಧೀನ ತಪ್ಪಿದವರು ಇಬ್ಬರೂ.

ಇನ್ನು ಪ್ರಾಣಿಯ ವಿಚಾರ. ಅದನ್ನು ಒಗಟೆಂದು ತಿಳಿದು ಒಂದೇ ಉತ್ತರ ಹುಡುಕಿದರೆ ಚಿತ್ರ ಕೈಗೆ ಸಿಗುವುದಿಲ್ಲ, ಆದರೆ ಅದು ಬೆಳೆಯುವ ದಾರಿಯನ್ನು ಗಮನಿಸಬಹುದು. ಹಳೆಯ ಮನೆಯೊಂದರಲ್ಲಿ ಆನಾ ಅದನ್ನು ಬಚ್ಚಿಟ್ಟು ಸಾಕುತ್ತಾಳೆ, ಅದಕ್ಕಾಗಿ ಕೊಲ್ಲುತ್ತಾಳೆ, ಕೊನೆಗೆ ಅದು ಮಾರ್ಕ್‌ನ ಪ್ರತಿರೂಪವೇ ಆಗಿ ಎದ್ದು ನಿಲ್ಲುತ್ತದೆ. ಇತ್ತ ಮಾರ್ಕ್‌ನಿಗೆ ಮಗನ ಶಾಲೆಯಲ್ಲಿ ಆನಾಳ ಮುಖವನ್ನೇ ಹೊತ್ತ, ಹಸಿರು ಕಣ್ಣಿನ, ಶಾಂತ ಸ್ವಭಾವದ ಶಿಕ್ಷಕಿ ಹೆಲೆನ್ ಸಿಗುತ್ತಾಳೆ. ಬೇಡವಾದ ಸಂಗಾತಿಯ ಮುಖವನ್ನು ಉಳಿಸಿಕೊಂಡು ಒಳಗಿನ ಮನುಷ್ಯನನ್ನು ಮಾತ್ರ ಬದಲಿಸಿಕೊಳ್ಳುವ ಆಸೆ ಇಬ್ಬರಿಗೂ ಇದೆ. ಅವನ ಆಸೆ ನೋಡಲು ಸೌಮ್ಯ, ಅವಳದು ಅಸಹ್ಯ. ನಮ್ಮ ಕನಿಕರ ಅವನ ಕಡೆ ವಾಲುವುದಕ್ಕೆ ಇದೂ ಒಂದು ಕಾರಣವಿರಬೇಕು. ಪ್ರಾಣಿಯನ್ನು ರೂಪಿಸಿದವರು ಕಾರ್ಲೊ ರಾಂಬಾಲ್ಡಿ. ಮರುವರ್ಷ ‘ಇ.ಟಿ.’ ಚಿತ್ರದಲ್ಲಿ ಮಕ್ಕಳೆಲ್ಲ ಮುದ್ದಿಸಿದ ಜೀವಿಯೂ ಅವರ ಕೈಯದೇ ಎಂದರೆ ನಂಬುವುದು ಕಷ್ಟ.

ಸುರಂಗ ರೈಲುನಿಲ್ದಾಣದ ದಾರಿಯಲ್ಲಿ ಆನಾ ಕೈಯ ಸಾಮಾನಿನ ಚೀಲವನ್ನು ಗೋಡೆಗೆ ಬಡಿದು, ಚೆಲ್ಲಿದ ಹಾಲಿನ ನಡುವೆ ಹೊರಳಾಡುವ ದೃಶ್ಯ ನಿಮ್ಮ ನಿದ್ದೆ ಕೆಡಿಸಿರಬಹುದು. ಅಲ್ಲಿ ತನಗೆ ಆದದ್ದು ಗರ್ಭಪಾತ, ಕಳೆದುಕೊಂಡದ್ದು ತನ್ನ ಶ್ರದ್ಧೆ ಎಂದು ಅವಳೇ ಹೇಳುತ್ತಾಳೆ. ಆನಾ, ಹೆಲೆನ್ ಎರಡೂ ಪಾತ್ರಗಳನ್ನು ಮಾಡಿದ ಇಸಬೆಲ್ ಅಜಾನಿಗೆ 1981ರಲ್ಲಿ ಕಾನ್ ಉತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ಬಂದಿತು. ಅದೇ ವರ್ಷದ ಇನ್ನೊಂದು ಚಿತ್ರವನ್ನೂ ಸೇರಿಸಿ ಕೊಟ್ಟ ಪ್ರಶಸ್ತಿ ಅದು.

ಊರು ಬರ್ಲಿನ್ ಆಗಿರುವುದೂ ಸುಮ್ಮನೆ ಅಲ್ಲ. ಒಂದೇ ಊರನ್ನು ಎರಡಾಗಿಸಿದ, 1961ರಲ್ಲಿ ಎದ್ದ ಗೋಡೆ ದಂಪತಿಗಳ ಕಿಟಕಿಯಿಂದಲೇ ಕಾಣುತ್ತದೆ, ಆಚೆಯಿಂದ ಕಾವಲಿನ ಸೈನಿಕರು ಇವರನ್ನು ನೋಡುತ್ತಿರುತ್ತಾರೆ.

ಮತ್ತೊಮ್ಮೆ ನೋಡುವ ಮನಸ್ಸಾದರೆ, ಎರಡು ಗಂಟೆಗಿಂತ ತುಸು ಹೆಚ್ಚಿರುವ ಪೂರ್ಣ ಪ್ರತಿಯೇ ಎಂದು ಖಚಿತಪಡಿಸಿಕೊಳ್ಳಿ. ಅಮೆರಿಕದಲ್ಲಿ ಸುಮಾರು 40 ನಿಮಿಷ ಕತ್ತರಿಸಿ ಬಿಡುಗಡೆ ಮಾಡಿದ್ದರು. ಆ ಪ್ರತಿಯಲ್ಲಿ ಸಂಸಾರ ಸೊರಗಿ ಪ್ರಾಣಿಯೊಂದೇ ಉಳಿದಂತಾಗಿದೆ. ಹಾಗೆ ನೋಡುವಾಗ ಬಾಬ್‌ನ ಮೇಲೆ ಕಣ್ಣಿಡಿ, ಯಜಮಾನರಿಗೂ ಹೇಳಿ. ಕೊನೆಯಲ್ಲಿ ತಂದೆಯ ರೂಪದಲ್ಲಿ ಬಂದವನು ಬಾಗಿಲು ಬಡಿಯುತ್ತಾನೆ. ತೆರೆಯಬೇಡ ಎಂದು ಹೆಲೆನ್‌ಳಿಗೆ ಕೂಗಿ ಹೇಳುವವನು ಆ ಹುಡುಗನೊಬ್ಬನೇ.