ಅಮೆರಿಕದ ಕಂಟ್ರಿ ಹಾಡುಗಾರ ವಿಲ್ಲಿ ನೆಲ್ಸನ್ ಅವರ 1996ರ 'ಸ್ಪಿರಿಟ್' ಆಲ್ಬಮ್‌ನಲ್ಲಿ ಯಾವ ಎರಡು ಮೂರು ಹಾಡು ಕೇಳಿದರೆ ಸಾಕು?

'ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಎಲ್ಲಾ ಹಾಡೂ ಒಂದೇ ಥರ ಇವೆ' ಅಂತ ಬರೆದಿದ್ದೀರಿ. ಇದೇ ಮಾತನ್ನು, ಹೆಚ್ಚುಕಮ್ಮಿ ಇದೇ ಪದಗಳಲ್ಲಿ, ನಾನೂ ಒಬ್ಬರ ಮುಂದೆ ಹೇಳಿದ್ದೆ. ಆಗ ಕೆಲಸದ ಮೇಲೆ ಡಲ್ಲಾಸ್‌ನಲ್ಲಿದ್ದೆ. ಪಕ್ಕದ ಮನೆಯ ಹಿರಿಯರೊಬ್ಬರು, ನನಗೆ ವಿಲ್ಲಿ ಹಾಡು ಇಷ್ಟ ಅಂತ ಗೊತ್ತಾದ ಮೇಲೆ, 'ಸ್ಪಿರಿಟ್' ಸಿಡಿ ತಂದು ಕೈಯಲ್ಲಿಟ್ಟರು. ಇದನ್ನು ಯಾರೂ ಕೇಳಲ್ಲ, ನೀನು ಕೇಳು ಅಂದರು. ಕೆಲವು ದಿನ ಬಿಟ್ಟು ವಾಪಸ್ ಕೊಟ್ಟೆ. ಚೆನ್ನಾಗಿದೆ, ಆದ್ರೆ ಇನ್ನೂ ಪೂರ್ತಿ ಆಗದ ರೆಕಾರ್ಡಿಂಗ್ ಥರ ಇದೆ ಅಂದೆ. ಅವರು ವಾದ ಮಾಡಲಿಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಅಲ್ಲೇ ನಿಂತಿದ್ದೀರಿ ಅನಿಸುತ್ತದೆ. ಆ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ, ಹಾಡುಗಳನ್ನು ಫೋನಿಗೆ ತುಂಬಿಕೊಂಡು, ನನ್ನ ಹತ್ತಿರ ಮೊದಲೇ ಇದ್ದ ವಿಲ್ಲಿ ಹಾಡುಗಳ ಜೊತೆ ಸೇರಿಸಿ ಶಫಲ್ ಒತ್ತಿಬಿಟ್ಟೆ. ಕಾರಿನಲ್ಲಿ, ಹೈವೇಯಲ್ಲಿ, ಆಫೀಸಿಗೆ ಹೋಗುವ ದಾರಿಯಲ್ಲಿ. ಮೊದಲು 1980ರ 'ಆನ್ ದ ರೋಡ್ ಅಗೇನ್' ಬರುತ್ತದೆ. ಡ್ರಮ್ಸ್, ಹಾರ್ಮೋನಿಕಾ, ಪೂರ್ತಿ ಬ್ಯಾಂಡ್. ಅದು ಮುಗಿದ ಕೂಡಲೇ 'ಸ್ಪಿರಿಟ್'ನ ಒಂದು ಹಾಡು. ಒಂದು ಗಿಟಾರ್, ಒಂದು ದನಿ, ಹಿಂದೆ ಎಲ್ಲೋ ಪಿಯಾನೊ. ಕಿವಿ ಆಗಲೇ ಡ್ರಮ್ಸ್‌ಗೆ ಒಗ್ಗಿಬಿಟ್ಟಿರುತ್ತದೆ. ಏನೋ ಕಳಚಿ ಬಿದ್ದ ಹಾಗೆ ಅನಿಸುತ್ತದೆ. ಉಳಿದ ಸದ್ದನ್ನು ಟೈರು ನುಂಗುತ್ತದೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಮುಂದಿನ ಹಿಟ್ ಹಾಡು ಕಿವಿಗೆ ಬಡಿಯುತ್ತದೆ. ಹಾಗಾಗಿ ಬೆರಳು ತಾನಾಗಿಯೇ ಸ್ಕಿಪ್ ಬಟನ್ನಿಗೆ ಹೋಗುತ್ತಿತ್ತು.

ಇದಕ್ಕಿಂತ ದೊಡ್ಡ ನಷ್ಟ ಅಂದ್ರೆ ಹಾಡುಗಳ ಸಾಲು ತಪ್ಪಿದ್ದು. ಈ ಆಲ್ಬಮ್ 'ಮ್ಯಾಟಡೋರ್' ಅನ್ನುವ ಸಣ್ಣ ವಾದ್ಯದ ತುಣುಕಿನಿಂದ ಶುರುವಾಗುತ್ತದೆ, ಅದೇ 'ಮ್ಯಾಟಡೋರ್' ಕೊನೆಗೆ ಮತ್ತೆ ಬರುತ್ತದೆ. ಶಫಲ್‌ನಲ್ಲಿ ಅದು ನಡುವೆ ಎಲ್ಲೋ ಬಂದಾಗ, ಜಾಗ ತುಂಬಿಸಲು ಹಾಕಿದ್ದು ಅಂದುಕೊಂಡೆ. ಸಾಲಾಗಿ ಕೇಳಿ ನೋಡಿ. ಮೊದಲು 'ಶೀ ಈಸ್ ಗಾನ್', ಅವಳು ಹೊರಟುಹೋದಳು ಅನ್ನುವ ಸುದ್ದಿ. ಆಮೇಲೆ, ನಾನು ಸತ್ತರೂ ನಿನ್ನ ನೆನಪು ಸಾಯಲ್ಲ ಅನ್ನುವ ಹಾಡು. ಅದರ ಬೆನ್ನಿಗೇ, ನಿನ್ನನ್ನು ಮರೆಯುವ ಪ್ರಯತ್ನವನ್ನೇ ಬಿಟ್ಟಿದ್ದೇನೆ ಅನ್ನುವ ಹಾಡು. ಮೂರೂ ದುಃಖದ ಹಾಡೇ. ಆದರೆ ಒಂದರಿಂದ ಒಂದಕ್ಕೆ ಮನುಷ್ಯ ಒಂದೊಂದು ಹೆಜ್ಜೆ ಸರಿದಿದ್ದಾನೆ. ಮುಂದೆ 'ವೀ ಡೋಂಟ್ ರನ್' ಬರುವ ಹೊತ್ತಿಗೆ, ನಾವು ಓಡಿಹೋಗಲ್ಲ ಅನ್ನುವ ಮಾತಿಗೆ ತೂಕ ಬಂದಿರುತ್ತದೆ. ನನಗೆ ಮಾತ್ರ ಮೊದಲು 'ವೀ ಡೋಂಟ್ ರನ್' ಕೇಳಿಸಿ, ಆಮೇಲೆ ಅವಳು ಹೋದ ಸುದ್ದಿ ಬರುತ್ತಿತ್ತು. ಕಾದಂಬರಿಯ ಹಾಳೆಗಳನ್ನು ಹರಿದು ಕಲಸಿ ಓದಿದ ಹಾಗಾಯಿತು. ಎಲ್ಲಾ ಒಂದೇ ಥರ ಅನಿಸದೆ ಇನ್ನೇನಾಗುತ್ತದೆ?

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಇದರಲ್ಲಿ ಎರಡು ಮೂರು ಹಾಡು ಆರಿಸಲೇಬೇಡಿ. ಆರಿಸಿಕೊಂಡರೆ ನಿಮ್ಮ ಕೈಗೆ ಒಳ್ಳೆ ಹಾಡು ಬರಬಹುದು, ಆಲ್ಬಮ್ ಬರಲ್ಲ.

ಡ್ರಮ್ಸ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಾಳ ಇದೆ, ತಾಳ ಹಾಕುವವರು ಇಲ್ಲ ಅಷ್ಟೇ. ನುಡಿಸಿದವರು ನಾಲ್ಕೇ ಜನ. ವಿಲ್ಲಿ, ಪಿಯಾನೊದಲ್ಲಿ ಅವರ ಅಕ್ಕ ಬಾಬಿ ನೆಲ್ಸನ್, ಫಿಡಲ್‌ನಲ್ಲಿ ಜಾನಿ ಗಿಂಬಲ್, ರಿದಮ್ ಗಿಟಾರ್‌ನಲ್ಲಿ ಜೋಡಿ ಪೇನ್. ಗಿಂಬಲ್ ಅವರು ಹೆಸರಾಂತ ಫಿಡಲ್ ವಾದಕ ಬಾಬ್ ವಿಲ್ಸ್ ತಂಡದಲ್ಲಿ ನುಡಿಸಿ ಬಂದವರು, ಟೆಕ್ಸಸ್ ಫಿಡಲ್‌ಗೆ ಅವರದ್ದೇ ದೊಡ್ಡ ಹೆಸರು. ವಿಲ್ಲಿ ಯಾವತ್ತೂ ಲಯದ ಮೇಲೆ ನೇರವಾಗಿ ಕಾಲಿಡಲ್ಲ. ಸಾಲನ್ನು ತಡಮಾಡಿ ಶುರು ಮಾಡುತ್ತಾರೆ, ಆಮೇಲೆ ಅವಸರ ಮಾಡಿ ಸೇರಿಕೊಳ್ಳುತ್ತಾರೆ. ಡ್ರಮ್ಸ್ ಇದ್ದಾಗ ಈ ಆಟ ನಮಗೆ ಅರ್ಧ ಮಾತ್ರ ಕೇಳಿಸುತ್ತದೆ. ಇಲ್ಲಿ ಪೂರ್ತಿ ಕೇಳಿಸುತ್ತದೆ.

ಆ ಗಿಟಾರನ್ನೂ ಸ್ವಲ್ಪ ಗಮನಿಸಿ. ಅದರ ಹೆಸರು ಟ್ರಿಗರ್. 1969ರಲ್ಲಿ ತಗೊಂಡ ಮಾರ್ಟಿನ್ ಕಂಪನಿಯ ಕ್ಲಾಸಿಕಲ್ ಗಿಟಾರ್. ನೈಲಾನ್ ತಂತಿ. ಅದನ್ನು ಬೆರಳಲ್ಲಿ ನುಡಿಸಬೇಕು, ಅದಕ್ಕೇ ಮರದ ಮೇಲೆ ಕಾಪಿನ ಪಟ್ಟಿ ಇರಲ್ಲ. ವಿಲ್ಲಿ ಪಿಕ್ ಹಿಡಿದು ನುಡಿಸುತ್ತಾರೆ. ವರ್ಷಗಟ್ಟಲೆ ಪಿಕ್ ಉಜ್ಜಿ ಉಜ್ಜಿ, ಗಿಟಾರಿನ ಬಾಯಿಯ ಪಕ್ಕದಲ್ಲಿ ಮರ ಸವೆದು ಇನ್ನೊಂದು ತೂತೇ ಆಗಿದೆ. 'ಮ್ಯಾಟಡೋರ್'ನ ಮೊದಲ ಕ್ಷಣಗಳನ್ನು ಹೆಡ್‌ಫೋನ್‌ನಲ್ಲಿ ಕೇಳಿ. ಸ್ಟೀಲ್ ತಂತಿಯ ಹೊಳಪು ಅದಕ್ಕಿಲ್ಲ, ಸ್ವಲ್ಪ ಮೊಂಡಾದ, ಒರಟು ದನಿ. ಜಾಝ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಅವರನ್ನು ಆರಾಧಿಸುತ್ತಾ ಬೆಳೆದ ಗಿಟಾರ್ ವಾದಕ ವಿಲ್ಲಿ. ಹಾಡುಗಾರ ಅನ್ನುವ ಹೆಸರಿನ ಕೆಳಗೆ ಅದು ಮುಚ್ಚಿಹೋಗಿದೆ. ಈ ಆಲ್ಬಮ್‌ನಲ್ಲಿ ಹಾಗೆ ಮುಚ್ಚಲು ಏನೂ ಇಲ್ಲ.

ನನಗೆ ಬಾಗಿಲು ತೆರೆದದ್ದು 'ಟೂ ಸಿಕ್ ಟು ಪ್ರೇ'. ತುಂಬಾ ವರ್ಷ ಆದ ಮೇಲೆ, ಬೆಂಗಳೂರಿಗೆ ವಾಪಸ್ ಬಂದು, ಅಪ್ಪ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸುಮ್ನೆ ಆಲ್ಬಮ್ ಹಾಕಿ ಮಲಗಿದ್ದೆ, ಬೆರಳಾಡಿಸಲೂ ಶಕ್ತಿ ಇರಲಿಲ್ಲ, ಹಾಗಾಗಿ ಅದು ಮೊದಲಿಂದ ಸಾಲಾಗಿ ಓಡಿತು. ಆ ಹಾಡಿನಲ್ಲಿ ಒಬ್ಬ ದೇವರ ಹತ್ತಿರ ಮಾತಾಡುತ್ತಾನೆ. ಪ್ರಾರ್ಥನೆ ಮಾಡಲೂ ಆಗದಷ್ಟು ಹುಷಾರು ತಪ್ಪಿತ್ತು, ಅದಕ್ಕೇ ಇಷ್ಟು ದಿನ ಮಾತಾಡಿಸಲಿಲ್ಲ ಅಂತ. ಆಮೇಲೆ ಮನೆಯವರ ನೆನಪು ಮಾಡಿಕೊಡುತ್ತಾನೆ. ಬೇಡಿಕೆ ಇಲ್ಲ, ಅಳು ಇಲ್ಲ. ತುಂಬಾ ದಿನ ಫೋನ್ ಮಾಡದ ನೆಂಟರ ಹತ್ತಿರ ಮಾತಾಡುವ ದನಿ. ದೇವರ ಹಾಡುಗಳಲ್ಲಿ ಇಷ್ಟು ಸಲಿಗೆ ನಾನು ಬೇರೆ ಕಡೆ ಕಂಡಿಲ್ಲ.

ಆ ರಾತ್ರಿಯಿಂದ ಬಾಬಿ ಅವರ ಪಿಯಾನೊ ಕೇಳಿಸತೊಡಗಿತು. ಟೆಕ್ಸಸ್ ರಾಜ್ಯದ ಆ್ಯಬಟ್ ಅನ್ನುವ ಸಣ್ಣ ಊರಿನಲ್ಲಿ ಅಜ್ಜ ಅಜ್ಜಿ ಸಾಕಿದ ಅಕ್ಕ ತಮ್ಮ ಅವರು. ಚರ್ಚ್ ಹಾಡುಗಳನ್ನು ಒಟ್ಟಿಗೇ ಕಲಿತವರು. ತಮ್ಮ ಎಲ್ಲಿ ತಡಮಾಡುತ್ತಾನೆ ಅಂತ ಅಕ್ಕನಿಗೆ ಗೊತ್ತು. ಅವರು ಕಾಯುತ್ತಾರೆ. 'ಐ ಥಾಟ್ ಅಬೌಟ್ ಯು, ಲಾರ್ಡ್' ಕೇಳುವಾಗ ಆ ಕಾಯುವಿಕೆಯನ್ನೇ ಹಿಡಿದುಕೊಂಡು ಕೂತರೂ ಸಾಕು.

ಆ ಸಿಡಿಯನ್ನು ಸರಿಯಾಗಿ ಕೇಳದೆ ವಾಪಸ್ ಕೊಟ್ಟದ್ದನ್ನು ಎಡವಿದ್ದು ಅಂತ ಯಾಕೆ ಕರೆಯುತ್ತಿದ್ದೇನೆ ಗೊತ್ತಾ? ಡಲ್ಲಾಸ್‌ನಲ್ಲಿದ್ದಷ್ಟು ಕಾಲ ವಿಲ್ಲಿ ಮತ್ತವರ ಫ್ಯಾಮಿಲಿ ಬ್ಯಾಂಡ್ ಪಕ್ಕದ ಫೋರ್ಟ್ ವರ್ತ್‌ಗೆ ಬರುತ್ತಿತ್ತು. ಪಿಯಾನೊದಲ್ಲಿ ಬಾಬಿ ಇರುತ್ತಿದ್ದರು, 1970ರ ದಶಕದಿಂದಲೂ. ಹಿಟ್ ಹಾಡುಗಳೇ ತಾನೇ, ಮನೆಯಲ್ಲೇ ಕೇಳಬಹುದು ಅಂತ ಹೋಗಲಿಲ್ಲ. ಆ ಸಿಡಿಯನ್ನು ಒಮ್ಮೆ ಸರಿಯಾಗಿ ಕೇಳಿದ್ದರೆ ಬಾಬಿ ಅವರನ್ನು ನೋಡಲೆಂದೇ ಹೋಗುತ್ತಿದ್ದೆ. ಜೋಡಿ ಪೇನ್ 2013ರಲ್ಲಿ ತೀರಿಕೊಂಡರು, ಗಿಂಬಲ್ 2015ರಲ್ಲಿ, ಬಾಬಿ 2022ರಲ್ಲಿ. ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಮೂವರನ್ನು ಎದುರಿಗೆ ಕೇಳುವುದು ಈಗ ಆಗದ ಮಾತು. ಇದು ನನಗೆ ಇವತ್ತಿಗೂ ನೋವು.

'ಅಷ್ಟು ಒಳ್ಳೆಯದಾದರೆ ಯಾಕೆ ಯಾರಿಗೂ ಗೊತ್ತಿಲ್ಲ' ಅಂತಲೂ ಕೇಳಿದ್ದೀರಿ. 1996ರ ಕಂಟ್ರಿ ರೇಡಿಯೊ ಗಾರ್ಥ್ ಬ್ರೂಕ್ಸ್, ಶನಾಯಾ ಟ್ವೇನ್ ಥರದ ಹೊಸ ತಾರೆಗಳ ಕಾಲ. 63ರ ವಿಲ್ಲಿಗೆ ಅಲ್ಲಿ ಜಾಗ ಇರಲಿಲ್ಲ. ಕೊಲಂಬಿಯಾದಂಥ ದೊಡ್ಡ ಕಂಪನಿ ಆಗಲೇ ಕೈಬಿಟ್ಟಾಗಿತ್ತು. 'ಸ್ಪಿರಿಟ್' ತಂದದ್ದು ಐಲ್ಯಾಂಡ್, ಬಾಬ್ ಮಾರ್ಲೆ ಅವರ ರೆಗ್ಗೆ ಸಂಗೀತಕ್ಕೆ ಹೆಸರಾದ ಕಂಪನಿ. ಮುದುಕನೊಬ್ಬ ಗಿಟಾರ್ ಹಿಡಿದು ಒಂಟಿಯಾಗಿ ಹಾಡುವ ಆಲ್ಬಮ್ ಅಂದರೆ ಜನ 1994ರಲ್ಲಿ ಇನ್ನೊಬ್ಬ ಹಿರಿಯ ಹಾಡುಗಾರ ಜಾನಿ ಕ್ಯಾಶ್ ತಂದ ಅಂಥದ್ದೇ ಆಲ್ಬಮನ್ನು ಆಗಲೇ ಮೆಚ್ಚಿಕೊಂಡಾಗಿತ್ತು. ಎರಡು ವರ್ಷಕ್ಕೆ ವಿಲ್ಲಿಯದ್ದೇ 'ಟಿಯಾಟ್ರೊ' ಬಂತು, ಡೇನಿಯಲ್ ಲ್ಯಾನ್ವಾ ನಿರ್ಮಾಣ, ಎಮಿಲೂ ಹ್ಯಾರಿಸ್ ದನಿ, ಮಾತೆಲ್ಲ ಅದರ ಕಡೆ ತಿರುಗಿತು. ಅದೂ ಒಳ್ಳೆಯದೇ. ನನ್ನ ಲೆಕ್ಕದಲ್ಲಿ 'ಸ್ಪಿರಿಟ್' ಅದಕ್ಕಿಂತ ಮೇಲೆ. ಇಲ್ಲಿನ ಹಾಡುಗಳೆಲ್ಲ ವಿಲ್ಲಿ ಬರೆದವೇ, ನಿರ್ಮಾಪಕನ ಕೈ ಎಲ್ಲೂ ಕಾಣಿಸಲ್ಲ. ನೀವು ಮೆಚ್ಚಿರುವ ವಿಲ್ಲಿಯ 'ರೆಡ್ ಹೆಡೆಡ್ ಸ್ಟ್ರೇಂಜರ್' ಆಲ್ಬಮ್ ಕೂಡ 1975ರಲ್ಲಿ ಕಂಪನಿಯವರ ಕಿವಿಗೆ ಬರೀ ಡೆಮೊ, ಅಂದ್ರೆ ಕಚ್ಚಾ ರೆಕಾರ್ಡಿಂಗ್ ಥರ ಕೇಳಿಸಿತ್ತು ಅನ್ನುವುದನ್ನು ಮರೀಬೇಡಿ.

ಶಫಲ್ ಆಫ್ ಮಾಡಿ. ಆಟೊಪ್ಲೇ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಕೊನೆಯ 'ಮ್ಯಾಟಡೋರ್' ಮುಗಿದ ಕೂಡಲೇ ಯಾವುದೋ ಹಾಡು ನುಗ್ಗುತ್ತದೆ. ಮುಕ್ಕಾಲು ಗಂಟೆ ಎತ್ತಿಡಿ, ಅಷ್ಟೂ ಹಿಡಿಯಲ್ಲ. ಇಷ್ಟವಾದರೆ ಮುಂದಕ್ಕೆ 2014ರ 'ಡಿಸೆಂಬರ್ ಡೇ' ಕೇಳಿ, ಅಕ್ಕ ತಮ್ಮ ಇಬ್ಬರ ಹೆಸರಲ್ಲೂ ಬಂದ ಆಲ್ಬಮ್. ಕಾರಿನಲ್ಲಿ ಮಾತ್ರ ಎರಡನ್ನೂ ಹಾಕಬೇಡಿ.