ಪುಣೆ ಫ್ಲಾಟ್‌ನಲ್ಲಿ ಬಿಯರ್ ಕುದಿಸಲು 3 ಕಿಲೋವ್ಯಾಟ್ ಹೀಟರ್: ಕಂಟ್ರೋಲ್ ಬಾಕ್ಸ್ ಹೇಗಿರಬೇಕು?

230 ವೋಲ್ಟ್‌ಗೆ ಇದು 13 ಆಂಪ್ ಎಳೆಯುತ್ತದೆ. ಹಾಗಾಗಿ ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಪ್ರತ್ಯೇಕ ಲೈನ್, 16 ಆಂಪ್ ಎಂಸಿಬಿ (ಲೋಡ್ ಜಾಸ್ತಿಯಾದರೆ ಟ್ರಿಪ್ ಆಗುವ ಸ್ವಿಚ್), 4 ಚದರ ಮಿಮೀ ತಾಮ್ರದ ವೈರ್ ಹಾಕಿಸಿ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಮತ್ತು ಪಾತ್ರೆಯ ಮೈಗೆ ಅರ್ತಿಂಗ್ ಇರಲೇಬೇಕು. ನೆಲವೆಲ್ಲ ಒದ್ದೆ ಇರುತ್ತಲ್ವಾ?

ಜಾಸ್ತಿ ಜನ ಎಡವುವುದು ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಅಂದರೆ ಕಂಟ್ರೋಲರ್ ಹೇಳಿದಂತೆ ಹೀಟರನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ವಿಷಯದಲ್ಲಿ. ಅದು ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಉಳಿಯುತ್ತದೆ. ಕಂಟ್ರೋಲರ್ 'ಆಫ್' ಎಂದು ತೋರಿಸುತ್ತಿದ್ದರೂ ಪಾತ್ರೆ ಕುದಿಯುತ್ತಲೇ ಇರುತ್ತದೆ. ಆದ್ದರಿಂದ ಹೀಟರ್‌ನ ಅದೇ ಲೈನಿನಲ್ಲಿ ಒಂದು ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಇದ್ದಾಗ ಮಾತ್ರ ಆನ್ ಆಗಿರುವ ದೊಡ್ಡ ರಿಲೇ) ಇಡಿ. ಅದರ ಕಾಯಿಲ್ ಲೈನಿಗೆ ಎಮರ್ಜೆನ್ಸಿ ಸ್ಟಾಪ್ ಬಟನ್, ಫ್ಲೋಟ್ ಸ್ವಿಚ್ ಎರಡನ್ನೂ ಸರಣಿಯಲ್ಲಿ ಸೇರಿಸಿ. ನೀರು ಇಳಿದರೆ ಹೀಟರ್ ತಾನಾಗಿಯೇ ನಿಲ್ಲುತ್ತದೆ. ಎಸ್‌ಎಸ್‌ಆರ್‌ಗೆ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಬೇಕು, 13 ಆಂಪ್‌ನಲ್ಲಿ ಕೈ ಸುಡುವಷ್ಟು ಕಾಯುತ್ತದೆ.

ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಅಂದಹಾಗೆ, ಮಹಾರಾಷ್ಟ್ರದಲ್ಲಿ ಬಿಯರ್ ತಯಾರಿಸಲೂ ಲೈಸೆನ್ಸ್ ಬೇಕು. ಮೊದಲು ಅಬಕಾರಿ ಇಲಾಖೆಯಲ್ಲಿ ವಿಚಾರಿಸಿ.