ಹಾಲು ಸಾಲುವುದಿಲ್ಲ ಅಂದವರು ಯಾರು?

ಆರು ತಿಂಗಳು ಬರೀ ಎದೆಹಾಲು ಎಂಬುದನ್ನು ಮತ್ತೆ ಬರೆಯುವುದಿಲ್ಲ. ತಾಯಿ ಕಾರ್ಡಿನಲ್ಲೇ ಅಚ್ಚಾಗಿದೆ, ಓದಿಕೊಳ್ಳಿ. ಇನ್ನು ನಿಮ್ಮ ಪ್ರಶ್ನೆಗಳಿಗೆ ಬರೋಣ.

ಕೂಸಿಗೆ ಒಂದೂವರೆ ತಿಂಗಳು. ಸಂಜೆಯಾದರೆ ಒಂದೇ ಸಮನೆ ಅಳು. ಹಾಲು ಸಾಲುತ್ತಿಲ್ಲ ಎಂದು ಅತ್ತೆ ಡಬ್ಬಿ ಹಾಲು ಶುರು ಮಾಡಿಸಿದರು. ಈಗ ನಿಜವಾಗಿಯೂ ಹಾಲು ಕಡಿಮೆಯಾಗಿದೆ. – ಬಸವನ ಬಾಗೇವಾಡಿ

ಕಡಿಮೆಯಾಗದೆ ಇನ್ನೇನಾದೀತು? ಎದೆ ಬರಿದಾದಷ್ಟೂ ಹಾಲು ಕೂಡುತ್ತದೆ. ಡಬ್ಬಿ ಹಾಲು ಕುಡಿದ ಕೂಸು ಅಷ್ಟು ಹೊತ್ತು ಎದೆ ಚೀಪುವುದಿಲ್ಲ. ಅಲ್ಲಿಗೆ ಅತ್ತೆಯ ಮಾತು ನಿಜವಾಯಿತು!

ಅಳು ಹಾಲಿನ ಅಳತೆಗೋಲಲ್ಲ. ಈ ವಯಸ್ಸಿನಲ್ಲಿ ಕೂಸುಗಳು ಸಂಜೆ ಅಳುತ್ತವೆ, ಮೇಲಿಂದ ಮೇಲೆ ಎದೆಗೆ ಬರುತ್ತವೆ. ಎದೆ ಮೊದಲಿನಂತೆ ಬಿಗಿಯುವುದಿಲ್ಲ, ಅದೂ ಸಹಜ. ನೀವು ನೋಡಬೇಕಾದದ್ದು ಎರಡೇ: ಬರೀ ಎದೆಹಾಲಿನ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ, ತಿಂಗಳಿಗೆ ಅರ್ಧ ಕಿಲೋಗೆ ಕಡಿಮೆಯಿಲ್ಲದಂತೆ ಏರುವ ತೂಕ. ಅಂಗನವಾಡಿಯಲ್ಲಿ ತಕ್ಕಡಿ ಇದೆ. ಅತ್ತೆಯವರನ್ನೂ ಕರೆದೊಯ್ದು ತೂಗಿಸಿ.

ಡಬ್ಬಿಯನ್ನು ಒಮ್ಮೆಲೇ ನಿಲ್ಲಿಸಬೇಡಿ. ತೂಕ ನೋಡುತ್ತ, ವೈದ್ಯರಿಗೆ ತೋರಿಸುತ್ತ ಇಳಿಸಿ. ಪ್ರತಿ ಸಲವೂ ಮೊದಲು ಎದೆ. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ರಾತ್ರಿ ಕುಡಿಸುವುದನ್ನು ತಪ್ಪಿಸಬೇಡಿ, ಹಾಲು ಮಾಡುವ ಹಾರ್ಮೋನು ಆಗಲೇ ಹೆಚ್ಚು.

ಇನ್ನು ಮನೆಯವರಿಗೆ. ಬಾಣಂತಿಗೆ ನೀರು ಕುಡಿಯಬೇಡ ಅನ್ನುವವರೂ ನೀವೇ, ಹಾಲಿಲ್ಲ ಅನ್ನುವವರೂ ನೀವೇ. ಸಿಜೇರಿಯನ್ ಆದವಳ ಪಕ್ಕದಿಂದ ಕೂಸನ್ನು ಎತ್ತೊಯ್ದು, ಕೇಳದೆಯೇ ಬಾಟಲಿ ಹಿಡಿಸುವ ಆಸ್ಪತ್ರೆಗಳೂ ಇವೆ. ಬೈಗುಳ ಮಾತ್ರ ಹೆತ್ತವಳಿಗೆ. ಅವಳಿಗೆ ಹೊಟ್ಟೆ ತುಂಬ ರೊಟ್ಟಿ, ಎರಡು ತಾಸು ನಿದ್ದೆ ಕೊಡಿ ಮೊದಲು.

ನಮ್ಮ ವಿಜಯಪುರದ ಬಿಸಿಲಿಗೆ ನಾಲ್ಕು ಚಮಚ ನೀರಾದರೂ?

ಬೇಡ. ಎದೆಹಾಲಿನಲ್ಲಿ ಶೇ 87ಕ್ಕೂ ಹೆಚ್ಚು ನೀರೇ ಇದೆ.

ಜೇನುತುಪ್ಪ, ತೇಯ್ದು ಕುಡಿಸುವ ಗುಟ್ಟಿ, ಗ್ರೈಪ್ ವಾಟರ್?

ಬೇಡ, ಬೇಡ, ಬೇಡ. ವರ್ಷದೊಳಗಿನ ಕೂಸಿಗೆ ಜೇನು ಪ್ರಾಣಕ್ಕೇ ಕುತ್ತು ತರಬಹುದು.

ದೃಷ್ಟಿ ತಾಗಿ ಹಾಲು ಬತ್ತಿದೆ ಎಂದು ತಾಯತ, ಪುಡಿ ಕೊಟ್ಟಿದ್ದಾರೆ.

ತಾಯತ ಕಟ್ಟಿಕೊಂಡರೆ ದುಡ್ಡು ಹೋದೀತು. ಏನಿದೆಯೋ ತಿಳಿಯದ ಆ ಪುಡಿಯನ್ನು ಗಟಾರಕ್ಕೆ ಚೆಲ್ಲಿ.

ಮೂರು ತಿಂಗಳಿಗೇ ದ್ರಾಕ್ಷಿ ತೋಟದ ಕೂಲಿಗೆ ಹೋಗಬೇಕು. – ತಿಕೋಟಾ

26 ವಾರದ ಹೆರಿಗೆ ರಜೆ ನಿಮ್ಮಂಥವರ ತನಕ ಬರುವುದಿಲ್ಲ, ಸಿಟ್ಟು ಬರುವುದು ಅದಕ್ಕೇ. ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿಡಿ. ಮನೆಯವರು ಒಳಲೆಯಿಂದಲೋ ಚಮಚದಿಂದಲೋ ಕುಡಿಸಲಿ, ಬಾಟಲಿ ಬೇಡ. ತಂಪು ಜಾಗದಲ್ಲಿ ನಾಲ್ಕು ತಾಸು ಇಡಬಹುದು, ಬೇಸಿಗೆಯಲ್ಲಿ ಅಷ್ಟು ಹೊತ್ತು ಕಾಯಬೇಡಿ. ಫ್ರಿಜ್ ಇದ್ದರೆ ಒಂದು ದಿನ. ತೋಟದಲ್ಲೂ ಮಧ್ಯಾಹ್ನ ಹಿಂಡಿ ತೆಗೆಯಿರಿ, ಇಲ್ಲವಾದರೆ ಎದೆ ಕಟ್ಟಿ ಜ್ವರ ಬಂದೀತು.